ದಿಬ್ಬದ ತಿರುಪುಮೊಳೆ

12-1-58, ಭಾನುವಾರ, ಸೊರಬ

ಉಪ್ಪಿಟ್ಟು ಮತ್ತೆ ತಳ ಹಿಡಿಯಿತು. ಇವರು ಅದನ್ನೂ ಹೊಗಳಿ ತಿಂದರು. ಮದುವೆಯಾಗಿ ಎರಡು ತಿಂಗಳು ತುಂಬಿಲ್ಲ, ಹೊಗಳುತ್ತಾರೆ. ಸ್ವೀಟ್.

ಆಮೇಲೆ ಕರ್ಚೀಫು ಬಿಚ್ಚಿದರು. ಒಳಗೆ ತುಕ್ಕು ಹಿಡಿದ ತಿರುಪುಮೊಳೆ. ಇವರು ಅಗೆಸುತ್ತಿರುವ ತೊಗರ್ಸಿಯ ದಿಬ್ಬದಲ್ಲಿ ಸಿಕ್ಕಿತಂತೆ — ಎರಡಾಳು ಆಳದಲ್ಲಿ, ಹಳೇ ಕಪ್ಪು ಮಡಕೆಚೂರುಗಳ ಮಧ್ಯೆ.

"ಎರಡು ಸಾವಿರ ವರ್ಷದ್ದು ಕಣೇ ನೀಲಾ. ಇಂಗ್ಲಿಷರಿಗಿಂತ ಮುಂಚೆ ನಮ್ಮೋರು ಸ್ಕ್ರೂ ಮಾಡಿದ್ರು."

ಎಷ್ಟು ಥ್ರಿಲ್ಲಿಂಗ್... ಪುರಾತತ್ವ ಇಲಾಖೆಯ ದೊಡ್ಡ ಸಾಹೇಬರು ನೋಡಲು ಬರುತ್ತಾರೆ. ಒಪ್ಪಿದರೆ ಇವರಿಗೆ ಮೇಷ್ಟ್ರ ಕೆಲಸ ಬಿಟ್ಟು ಮೈಸೂರಿನಲ್ಲಿ ನೌಕರಿ. ಸಾಹೇಬರಿಗೆ ಕನ್ನಡ ಬಾರದು. ಇವರಿಗೆ ಇಂಗ್ಲಿಷ್ ಓದಲು ಬರುತ್ತದೆ, ಬೇರೆಯವರು ಆಡಿದರೆ ತಿಳಿಯದು, ಮಾತೂ ಓಡುವುದಿಲ್ಲ. ದುಭಾಷಿ ನಾನು. ಕಾನ್ವೆಂಟ್ ಓದು ಕೊನೆಗೂ...

15-1-58, ಮಧ್ಯಾಹ್ನ

ನಮ್ಮ ಬಾಗಿಲ ಚಿಲಕಕ್ಕೂ ಅಂಥದ್ದೇ ಮೊಳೆಗಳು. ಒಂದರ ಜಾಗ ಖಾಲಿ. ಮೊದಲಿನಿಂದಲೂ ಖಾಲಿಯೆ? ನೆನಪಿಲ್ಲ.

ಇವರು ಶಾಲೆಗೆ ಹೋದಾಗ ಕರ್ಚೀಫು ಬಿಚ್ಚಿ, ಮೊಳೆಯನ್ನು ಆ ತೂತಿಗೆ ಇಟ್ಟು ನೋಡಿದೆ. ದಪ್ಪ. ಹೋಗಲಿಲ್ಲ. ಎಷ್ಟು ನಿರಾಳ, ಎಷ್ಟು ನಾಚಿಕೆ. ಗಂಡನ ಮೇಲೆ ಇಂಥ ಅನುಮಾನ...

ಆದರೂ ಸ್ಕ್ರೂ ಅಂದರೆ ಸ್ಕ್ರೂ, ಅಷ್ಟು ಹಳೇದಾಗಿರಲಾರದು. ಯಾರೋ ಇಟ್ಟಿದ್ದಾರೆ.

19-1-58, ಭಾನುವಾರ

ತೊಗರ್ಸಿಗೆ ಹೋಗಿದ್ದೆವು. ಬಸ್ಸಿನಲ್ಲಿ ಭುಜಕ್ಕೆ ಭುಜ. ದಿಬ್ಬ ಇರುವ ಹೊಲದ ಒಡತಿ ಹನುಮಮ್ಮ ಮಜ್ಜಿಗೆ ಕೊಟ್ಟರು.

"ಹೊಸಾ ಹೆಂಡ್ತೀನ ಮನ್ಯಾಗ ಬಿಟ್ಟು ಮಣ್ಣಿನ ಗೋಡೆ ಸವರ್ತಾ ಕುಂದರ್ತಾರಲ್ರೀ ನಿಮ್ಮ ಮೇಷ್ಟ್ರು."

"ಆ ಮೊಳೆ ನೀವೇ ಹಾಕಿದ್ರಾ, ಹನುಮಮ್ಮಾ?"

"ನಮ್ಮ ಕದಕ್ಕೇ ಮೊಳೆ ಇಲ್ಲ ತಾಯಿ, ದಿಬ್ಬಕ್ಕೆಲ್ಲಿಂದ ತರಾನ?"

ಇವರು ಅಗೆಸಿದ ಗುಂಡಿಗೆ ಇಳಿದೆ. ಮೊಳೆ ಸಿಕ್ಕ ಕಡೆ ಗೋಡೆಯ ಮಣ್ಣಿನ ಬಣ್ಣವೇ ಬೇರೆ. ಮೇಲೆ ಸಣ್ಣ ಬಾಯಿ, ಕೆಳಗೆ ದೊಡ್ಡ ಹೊಟ್ಟೆ, ಅಂಚಿಗೆ ಕಪ್ಪಾದ ಹುಲ್ಲು. ಹಗೇವು. ಶಿಕಾರಿಪುರದ ಅಜ್ಜಿಯ ಹಿತ್ತಿಲಲ್ಲಿ ಜೋಳ ತುಂಬುತ್ತಿದ್ದ ಗುಂಡಿ ಥೇಟ್ ಹೀಗೇ. ಹಾಳಾದ ಮೇಲೆ ಮನೆಯ ಕಸವನ್ನೆಲ್ಲ ಸುರಿದು ಮುಚ್ಚಿದರು. ಇಲ್ಲೂ ಈಚೆಗೆ ಯಾರೋ ಹಳೇ ಮಡಕೆಗಳ ಮಧ್ಯೆಯೇ ಹಗೇವು ತೋಡಿ, ಆಮೇಲೆ ಕಸ ಸುರಿದಿದ್ದಾರೆ. ಕಸದ ಜೊತೆ ಮೊಳೆ. ಯಾರೂ ಕಳ್ಳರಲ್ಲ... ಕುಣಿಯುವಂತಾಯಿತು.

ಬಸ್ಸಿನಲ್ಲಿ ಇವರಿಗೆ ಹೇಳಿದೆ. ಇವರು ಜಡೆ ಊರಿನವರು, ಭತ್ತವನ್ನು ಕಣಜದಲ್ಲಿಡುವ ಕಡೆ. ಹಗೇವು ಕಂಡೇ ಇಲ್ಲ. ಎಲ್ಲ ಬಿಡಿಸಿ ಹೇಳಿದೆ. ಇವರು ಕರ್ಚೀಫಿನ ಗಂಟನ್ನು ಇನ್ನಷ್ಟು ಬಿಗಿದರು.

2-2-58, ಸಂಜೆ

ಸಾಹೇಬರು ಬಂದು ನೋಡಿ ಹೋದರು. ಆ ಗೋಡೆಯಲ್ಲಿ ಈಗ ಹುಲ್ಲಿಲ್ಲ, ಬೇರೆ ಬಣ್ಣವಿಲ್ಲ. ನುಣ್ಣಗಿದೆ. ಹನುಮಮ್ಮ ಕಿವಿಯಲ್ಲಿ ಹೇಳಿದರು, "ನಿನ್ನೆ ಮೇಷ್ಟ್ರು ಒಬ್ರೇ ಬಂದು ಕೆರೆದು ಸಾರ್ಸಿ ಹೋದ್ರು."

ಇಲ್ಲಿ ಆಮೇಲೆ ತೋಡಿದ ಗುಂಡಿ ಏನಾದರೂ ಇತ್ತೆ, ಎಂದು ಸಾಹೇಬರು ಕೇಳಿದರು. ಇವರಿಗೆ ಕನ್ನಡದಲ್ಲಿ ಹೇಳಿದೆ.

"ಇಲ್ಲ ಅನ್ನು ನೀಲಾ."

"ಮೈ ಹಸ್ಬೆಂಡ್ ಸೇಸ್ ನೋ," ಎಂದೆ.

ಸಾಹೇಬರು ಕನ್ನಡಕ ತೆಗೆದರು. "ಅಂಡ್ ಯು, ಮೇಡಂ?"

ಅಜ್ಜಿಯ ಹಿತ್ತಿಲಿನ ಕಥೆ ಇಂಗ್ಲಿಷಿನಲ್ಲಿ ಹೇಳಿದೆ. ಪೂರ್ತಿ. ಹರಟೆಯಂತೆ, ನಗುತ್ತಲೇ. ಅವರೂ ನಕ್ಕರು. ಮೊಳೆಯನ್ನು ಇವರ ಕೈಗೇ ವಾಪಸು ಕೊಟ್ಟರು.

ಅದನ್ನೇ ದೊಡ್ಡ ಗೌರವವೆಂದುಕೊಂಡಿದ್ದಾರೆ ಇವರು. ಬಸ್ಸಿನಲ್ಲಿ ಮೈಸೂರಿನ ಮನೆಯದೇ ಮಾತು. ಆಮೇಲೆ, "ಅದೇನೋ ಗ್ರ್ಯಾಂಡ್‌ಮದರ್ ಅಂತಿದ್ದೆ. ಅಜ್ಜಿ ಸುದ್ದಿ ಯಾಕ್ ಬಂತೇ ಅಲ್ಲಿ?"

ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ಈಗ ಬಾಗಿಲಲ್ಲಿ ನಿಂತಿದ್ದಾರೆ. ಅದೇ ಪ್ರಶ್ನೆ. ಹೇಳುತ್ತೇನೆ. ಆದರೆ ಮೊದಲು, ಆ ಗೋಡೆ ಸಾರಿಸಿದ್ದು ಯಾಕೆಂದು ನಾನೇ ಕೇಳಬೇಕು —