ನೀರಲ್ಲಿ ಮುಳುಗದ ಕಲ್ಲುಪುಡಿ

ಮಿಕ್ಸರ್ ಪಕ್ಕದ ಬೆಂಚು,
ಮಾರ್ಚ್ ೧೧, ಊಟದ ಹೊತ್ತು

ಪ್ರೀತಿಯ ಚಿನಕುರುಳಿಗೆ,

ಹೇಗಿದ್ದೀಯೇ? ಹೊಟ್ಟೆ ತುಂಬ ತಿಂತಿದ್ದೀಯಾ, ಇಲ್ಲ ವಾರ್ಡಿನವರಿಗೆಲ್ಲ ಕಥೆ ಹೇಳ್ತಾ ತಟ್ಟೆ ಹಾಗೇ ವಾಪಸ್ ಕಳಿಸ್ತೀಯಾ? ಬಿದ್ದ ಗಾಯ ಮಾಗಿದೆ ಅಂತ ಡಾಕ್ಟರಮ್ಮ ಫೋನಲ್ಲಿ ಹೇಳಿದರು. ಆದರೆ ಕೃತಕ ಕಾಲು ಇನ್ನು ಮುಟ್ಟೋದೇ ಇಲ್ಲ, ಗಾಲಿಕುರ್ಚಿಯೇ ಸಾಕು ಅಂತ ಹಟ ಹಿಡಿದು ಕೂತಿದ್ದೀಯಂತೆ. ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ಬಚ್ಚಲಲ್ಲಿ ಆ ಪ್ಲಾಸ್ಟಿಕ್ ಪಾದ ಫಟ್ ಅಂತ ಮುರಿದು ನೀನು ಬಿದ್ದ ಸದ್ದು ನನ್ನ ಕಿವಿಯಿಂದಲೂ ಹೋಗಿಲ್ಲ.

ಅವತ್ತಿನಿಂದ ನನಗೂ ಅದೇ ಧ್ಯಾನ. ಈ ಕೃತಕ ಪಾದದ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗಲಿ ಅಂತ ಕಲ್ಲುಪುಡಿ ಬೆರೆಸೋದೇ ನನ್ನ ಹೊಟ್ಟೆಪಾಡು. ಆದರೆ ಅವೆರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ನಡುವೆ ನೀರು ನುಸುಳಿತೋ, ನೀನ್ಯಾರೋ ನಾನ್ಯಾರೋ. ನಿನ್ನ ಹಳೇ ಪಾದ ಮುರಿದ ಕಡೆ ಬೆರಳಾಡಿಸಿದರೆ ಪುಡಿ ಬೆಳ್ಳಗೆ ಉದುರ್ತಿತ್ತು. ಅದಕ್ಕೇ ಹೊಸ ಪಾದದ ಪುಡಿಗೆ ಮೊದಲು ಸಿಲೇನ್ ಅನ್ನೋ ದ್ರವ ಸಿಂಪಡಿಸ್ತೀವಿ. ಅದರ ಒಂದು ತುದಿ ಕಲ್ಲನ್ನ ಹಿಡಿಯುತ್ತೆ, ಇನ್ನೊಂದು ಪ್ಲಾಸ್ಟಿಕ್ಕನ್ನ. ಕಣ್ಣಿಗೇ ಕಾಣದಷ್ಟು ತೆಳು, ಆದರೂ ಬಿಡಲ್ಲ ಅಂದರೆ ಬಿಡಲ್ಲ. ಥೇಟ್ ನಿನ್ನ ಹಟ!

ನಾನು ಮಹಾ ಜಾಣೆ ನೋಡು, ನೀರೇ ಶತ್ರು ಅಂದುಕೊಂಡು ಪುಡಿನ ಓವನ್ನಲ್ಲಿ ಕಾಯಿಸಿ ಕಾಯಿಸಿ ಒಂದು ಹನಿ ಪಸೆ ಇಲ್ಲದ ಹಾಗೆ ಒಣಗಿಸಿಟ್ಟೆ. ಆಮೇಲೆ ಸಿಂಪಡಿಸಿ, ಚಿಟಿಕೆ ಪುಡಿ ಲೋಟದ ನೀರಿಗೆ ಹಾಕಿದರೆ ನೆಟ್ಟಗೆ ಮುಳುಗಿ ನೀರೆಲ್ಲ ಬೆಳ್ಳಗಾಯ್ತು. ಸಿಲೇನ್ ಅಂಟಿದ್ದರೆ ಪುಡಿ ನೀರು ತಾಕಿಸಿಕೊಳ್ಳದೆ ತೇಲಬೇಕಿತ್ತು; ಅಂಟಿಕೊಂಡೇ ಇಲ್ಲ ಅಂತ ಅರ್ಥ. ನಿನ್ನ ಮುಖ ನೆನಪಾಗಿ ಅಲ್ಲೇ ಕೂತು ಅತ್ತುಬಿಟ್ಟೆ. ಲ್ಯಾಬ್ ಮೇಡಂ ಬಂದು ಬೆನ್ನು ತಟ್ಟಿದರು. ಸಿಲೇನ್ ಕಚ್ಚಿಕೊಳ್ಳೋಕೆ ಕಲ್ಲಿನ ಮೈಮೇಲೆ ಚೂರೇ ಚೂರು ತೇವ ಇರಲೇಬೇಕಂತೆ. ಅಬ್ಬಾ, ನೀರನ್ನ ದೂರ ಇಡೋಕೂ ನೀರೇ ಬೇಕು!

ಹೋದ ವಾರ ಅಷ್ಟೇ ತೇವ ಉಳಿಸಿಕೊಂಡು ಮತ್ತೆ ಮಾಡಿದೆ. ಲೋಟದ ನೀರಿಗೆ ಚಿಟಿಕೆ ಹಾಕಿದೆ. ತೇಲಿತು ಕಣೇ! ಕಲ್ಲು ತೇಲಿತು! ಬೆರಳಲ್ಲಿ ಒತ್ತಿದರೆ ಒಂಚೂರೂ ಒದ್ದೆಯಾಗದೆ ಮೇಲೆದ್ದು ಬಂತು. ಇಷ್ಟು ವರ್ಷ ಈ ಪುಡಿಗೆ ಶಾಪ ಹಾಕ್ತಾ ತಲೆ ಕೊಡವಿಕೊಂಡು ಮನೆಗೆ ಬಂದವಳು ನಾನು. ಅವತ್ತು ಅದಕ್ಕೇ ಕೈ ಮುಗಿದೆ. ಮೇಡಂ ನೋಡಿ ನಕ್ಕರು, ನಗಲಿ ಬಿಡು.

ಸೈರನ್ ಕೂಗ್ತಿದೆ, ಏಳಬೇಕು. ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ಹೇಳು. ನೂರು ಕಾಲ ತಣ್ಣಗಿರು.

ನಿನ್ನ
ದಪ್ಪಕ್ಕ

ಅಯ್ಯೋ, ಮುಖ್ಯವಾದ್ದೇ ಬಿಟ್ಟುಹೋಯ್ತು: ಆ ಪುಡಿಯದೇ ಪಾದ, ನಿನ್ನ ಅಳತೆಯದು, ತಯಾರಾಗಿದೆ. ಕುದಿಯೋ ನೀರಲ್ಲಿ ಹೊತ್ತುಗಟ್ಟಲೆ ಬೇಯಿಸಿ, ಒದ್ದೆಯಾಗಿರುವಾಗಲೇ ನೆಲದ ಮೇಲಿಟ್ಟು ನಾನೇ ಹತ್ತಿ ಕುಣಿದೆ. ನನ್ನ ತೂಕ ಗೊತ್ತಲ್ಲ! ಒಂದು ಬಿರುಕೂ ಇಲ್ಲ. ಶನಿವಾರ ತರ್ತೀನಿ. ಹಾಕ್ಕೋ ಅಂತ ಬಲವಂತ ಮಾಡಲ್ಲ. ಒಂದು ಲೋಟ ನೀರು ಇಟ್ಟಿರು ಅಷ್ಟೇ, ಚಿಟಿಕೆ ಪುಡಿನೂ ತರ್ತೀನಿ. ನಿನ್ನ ಕೈಯಾರೆ ಹಾಕಿ ನೋಡು. ಆಮೇಲೂ ಬೇಡ ಅಂದರೆ, ಕುರ್ಚಿ ನಾನೇ ತಳ್ತೀನಿ. ಎದ್ದು ನಿಂತೆಯಾದರೆ ಮಾತ್ರ ಕೈ ಹಿಡಿಯಲ್ಲ ಕಣೇ, ಎದುರಿಗೆ ನಿಂತು ಕಣ್ತುಂಬ ನೋಡ್ತೀನಿ.