ಸುಂದರಿಯ ಪಂಚಮ

ಕಾರಡ್ಕ
೮-೭-೧೯೫೧

ಚಿರಂಜೀವಿ ಪುಷ್ಪಾವತಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವು ಸೌಖ್ಯ. ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಶಾಲೆಯ ಕೆಲಸದ ನೆಪ ಹೇಳಬಹುದಿತ್ತು, ಹೇಳುವುದಿಲ್ಲ. ಎರಡು ಸಲ ಬರೆದು ಹರಿದು ಹಾಕಿದೆ. ಅಮ್ಮನ ಕಾಲುನೋವು ಈಗ ಕಡಿಮೆ ಉಂಟು. ನೀನು ಮಂಗಳೂರಿನಲ್ಲಿ ಸಂಗೀತದ ಟೀಚರಾದದ್ದನ್ನು ಅವಳು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

"ನಲವತ್ತು ಮಕ್ಕಳನ್ನು ಒಟ್ಟಿಗೆ ಹಾಡಿಸುವುದು ಹೇಗೆ?" ಎಂದು ಕೇಳಿದ್ದೀ. ನನಗೆ ತಿಳಿದದ್ದು ಇಷ್ಟು. ಶ್ರುತಿಯನ್ನು ನಿನ್ನ ಗಂಟಲಿಗಲ್ಲ, ಮಕ್ಕಳ ಗಂಟಲಿಗೆ ಹಿಡಿ. ಮೊದಲು ಬಾಯಿ ಮುಚ್ಚಿ ಗುನುಗಲಿ. ಪಕ್ಕದವರ ಸ್ವರ ಕಿವಿಗೆ ಬಿದ್ದ ಮೇಲೆ ಸಾಹಿತ್ಯ ಹೇಳಿಕೊಡು. ಕುರ್ಚಿಯಲ್ಲಿ ಕೂರಬೇಡ, ಸಾಲುಗಳ ನಡುವೆ ನಡೆಯುತ್ತಾ ಕೇಳು. ಸ್ವರ ತಪ್ಪಿದ ಮಗುವನ್ನು ಎಲ್ಲರೆದುರು ಹೆಸರು ಹಿಡಿದು ಕರೆಯಬೇಡ. ಚೆನ್ನಾಗಿ ಹಾಡುವವರ ಪಕ್ಕಕ್ಕೆ ಸುಮ್ಮನೆ ನಿಲ್ಲಿಸು. ವಾರಕ್ಕೊಮ್ಮೆಯಾದರೂ ಹಾರ್ಮೋನಿಯಂ ಬದಿಗಿಟ್ಟು ಹಾಡಿಸು.

ಈ ಕೊನೆಯದನ್ನು ನಾನು ಕಲಿತದ್ದು ಹದಿನಾಲ್ಕು ವರ್ಷದ ಹಿಂದೆ, ನಿನಗೆ ಆಗ ಐದು ವರ್ಷ. ನನ್ನ ಕೆಲಸ ಕಾಯಂ ಆಗಿರಲಿಲ್ಲ. ಶಾಲೆಯ ಮ್ಯಾನೇಜರು ಗೌರೀಶಂಕರರಾಯರು ಒಂದು ಹಾರ್ಮೋನಿಯಂ ದಾನ ಕೊಟ್ಟಿದ್ದರು. ಅದು ಬಂದ ಮೂರನೆಯ ದಿನವೇ ಇನ್‌ಸ್ಪೆಕ್ಟರರ ಭೇಟಿ. ಬೆಳಿಗ್ಗೆ ಪ್ರಾರ್ಥನೆಯ ಅಭ್ಯಾಸ ನಡೆದಿತ್ತು. ಗದ್ದೆ ಕೆಲಸದ ಹೊನ್ನಯ್ಯನ ಮಗಳು ಸುಂದರಿ ಮುಂದಿನ ಸಾಲಿನಲ್ಲಿದ್ದಳು, ಐದನೆಯ ಕ್ಲಾಸು. ಪಂಚಮ ಸ್ವರ ಬಂದಾಗಲೆಲ್ಲ ಉಳಿದ ಮಕ್ಕಳ ಗಂಟಲು ಹಾರ್ಮೋನಿಯಮ್ಮಿನ ಹಿಂದೆ ಹೋಯಿತು, ಅವಳದ್ದು ಹೋಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ರಾಯರು, "ಎಂತ ಮಾಸ್ಟ್ರೆ, ಆ ಅಪಸ್ವರ ಯಾರದ್ದು?" ಎಂದರು.

ನಾನು ಸುಂದರಿಯ ಕಡೆ ಬೆರಳು ತೋರಿಸಿದೆ. "ನಿನಗೆ ಸ್ವರ ಇಲ್ಲ. ಹೊರಗೆ ಹೋಗಿ ನಿಲ್ಲು."

"ನಾನು ಸರಿಯಾಗಿಯೇ ಹಾಡಿದ್ದು ಮಾಸ್ಟ್ರೆ," ಎಂದಳು. ಆಮೇಲೆ ಹೊರಗೆ ಹೋದಳು.

ಆರು ತಿಂಗಳು ಕಳೆದು ರಿಪೇರಿಯ ಈಶ್ವರಪ್ರಸಾದ ಹಾರ್ಮೋನಿಯಂ ಬಿಚ್ಚಿ ನೋಡಿ, "ಪಂಚಮದ ರೀಡಿನ ಶ್ರುತಿ ಇಳಿದಿದೆ. ಇದು ಮೊದಲಿಂದಲೂ ಹೀಗೆಯೇ," ಎಂದ. ಅಷ್ಟರಲ್ಲಿ ಸುಂದರಿ ಶಾಲೆ ಬಿಟ್ಟಾಗಿತ್ತು.

ಈ ಜೂನಿನಲ್ಲಿ ಅವಳು ತನ್ನ ಮಗಳನ್ನು ಒಂದನೆಯ ಕ್ಲಾಸಿಗೆ ಸೇರಿಸಲು ಬಂದಳು. "ಇವಳನ್ನು ಹಾಡಿಗೆ ನಿಲ್ಲಿಸುವುದು ಬೇಡ ಮಾಸ್ಟ್ರೆ. ನನ್ನ ಮಗಳಲ್ಲವಾ, ಸ್ವರ ಇರಲಿಕ್ಕಿಲ್ಲ," ಎಂದಳು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನಾನು "ಆಯಿತು" ಎಂದು ಮಗುವಿನ ಹೆಸರು ಬರೆದುಕೊಂಡೆ.

ಗಂಟಲು ನೋಡಿಕೋ, ಬಿಸಿನೀರು ಕುಡಿ. ನಿನ್ನೆದುರು ಬಾಯಿ ತೆರೆಯಲು ಯಾವ ಮಗುವೂ ಹೆದರದಿರಲಿ, ಅದೇ ನನ್ನ ಹಾರೈಕೆ.

ನಿನ್ನ ಅಪ್ಪ,
ಲೋಕನಾಥ

ವಿ. ಸೂ.: ಈಶ್ವರಪ್ರಸಾದ ಹೇಳಿದ ಮೇಲೆ ತಿಳಿಯಿತು ಎಂಬಂತೆ ಬರೆದಿದ್ದೇನೆ. ಅದು ಸುಳ್ಳು. ಆ ಬೆಳಿಗ್ಗೆಯೇ ನನ್ನ ಕಿವಿಗೆ ಗೊತ್ತಾಗಿತ್ತು. ರಾಯರ ಎದುರು ಅವರು ಕೊಟ್ಟ ಹಾರ್ಮೋನಿಯಂ ತಪ್ಪು ಎನ್ನಲು ಧೈರ್ಯ ಸಾಲಲಿಲ್ಲ. ಹೊನ್ನಯ್ಯನ ಮಗಳು ತಪ್ಪು ಎನ್ನಲು ಧೈರ್ಯವೇ ಬೇಕಿರಲಿಲ್ಲ. ಆ ವರ್ಷ ನನ್ನ ಕೆಲಸ ಕಾಯಂ ಆಯಿತು. ಮೊನ್ನೆ ಶುಕ್ರವಾರ ಪ್ರಾರ್ಥನೆಯಲ್ಲಿ ಸುಂದರಿಯ ಮಗಳು ತುಟಿ ಮುಚ್ಚಿ ನಿಂತಿದ್ದಳು. ನಾನು ಅವಳ ಸಾಲಿನ ಪಕ್ಕದಲ್ಲೇ ಹಾದುಹೋದೆ. ಹಾಡು ಎನ್ನಲಿಲ್ಲ.