ಎರಡು ದಿನಕ್ಕೆ ಊರು ನೋಡಲು ಬರುವವಳಿಗೆ

ಬುಧವಾರ, ಹನ್ನೊಂದನೇ ತಾರೀಖು
ಮಧ್ಯಾಹ್ನ, ಊಟದ ಬಿಡುವು

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಗೇ ಬಂತು. ಬಟ್ಟೆ ಕತ್ತರಿಸುವ ಮಾಸ್ತರರು ಅದನ್ನು ಎತ್ತಿ ಹಿಡಿದು, "ಏನ್ ಕಾಲ ಬಂತಪ್ಪಾ, ಕಾಲರ್ ಅಕ್ಕಂಗೂ ಕಾಗದ ಬರತ್ತೆ!" ಎಂದು ಎಲ್ಲರನ್ನೂ ನಗಿಸಿದರು. ಹದಿನೆಂಟು ವರ್ಷದಿಂದ ಅಂಗಿಗಳಿಗೆ ಕಾಲರು ಕೂರಿಸುತ್ತಿರುವುದರಿಂದ ಇಲ್ಲಿ ನನಗೆ ಅದೇ ಹೆಸರು. ನಾನೂ ನಕ್ಕೆ. ಲಕೋಟೆಯ ಮೇಲಿನ ಅಕ್ಷರ ಕಂಡ ಮೇಲೆ ನಗು ನಿಂತಿತು.

ನಾಲ್ಕೇ ಸಾಲು ಬರೆದಿದ್ದೀಯ. ಮುಂದಿನ ಶನಿವಾರ ಗಂಡ, ಮಕ್ಕಳ ಜೊತೆ ಎರಡು ದಿನಕ್ಕೆ ಊರು ನೋಡಲು ಬರುತ್ತೀಯ. ವಸತಿಗೃಹದಲ್ಲಿ ಇಳಿಯುತ್ತೀಯ. ಎಲ್ಲಿ ಉಣ್ಣಬೇಕು, ಏನು ನೋಡಬೇಕು ಎಂದು ಊರಿನವಳಾದ ನಾನು ತಿಳಿಸಬೇಕು. ಮನೆಗೆ ಬರುವುದಿಲ್ಲ, ಅಪ್ಪನಿಗೆ ಹೇಳಬಾರದು. ಹುಟ್ಟಿದ ಊರಿನಲ್ಲೇ ದಾರಿ ಕೇಳುವಷ್ಟು ಹೊರಗಿನವಳಾದಳೇ ಇವಳು ಎಂದು ಮೊದಲು ಸಿಟ್ಟು ಬಂತು. ಆಮೇಲೆ ಎಣಿಸಿದೆ. ಹನ್ನೊಂದು ವರ್ಷ. ನೀನಿದ್ದಾಗಿನ ಅರ್ಧ ಊರು ಈಗಿಲ್ಲ.

ಕೇಳಿದ್ದನ್ನು ಮೊದಲು ಬರೆಯುತ್ತೇನೆ. ಕೇಳದೇ ಇದ್ದದ್ದನ್ನು ಆಮೇಲೆ.

ಸ್ಟೇಷನ್ನಿನ ಎದುರಿನ ದೊಡ್ಡ ಹೋಟೆಲಿಗೆ ಹೋಗಬೇಡಿ. ಹೊರಗೆ ದೀಪ, ಒಳಗೆ ನಿನ್ನೆಯ ಅನ್ನ. ಅಂಚೆ ಕಚೇರಿಯ ಹಿಂದೆ ಬೋಳಣ್ಣನ ಅಂಗಡಿ ಇದೆ. ಎಂಟು ಗಂಟೆಯೊಳಗೆ ಹೋದರೆ ಬಿಸಿ ಬನ್ನು ಸಿಗುತ್ತದೆ. ಗೋಡೆ ಬದಿಯ ಬೆಂಚು ಹಿಡಿಯಿರಿ. ಬಾಗಿಲ ಬಳಿಯದು ಅಲ್ಲಾಡುತ್ತದೆ, ಮಕ್ಕಳ ಹಾಲು ಚೆಲ್ಲೀತು. ಇನ್ನೊಂದು ಬೇಕೇ ಎಂದು ಬೋಳಣ್ಣ ಕೇಳುವುದಿಲ್ಲ, ಹಾಕಿಬಿಡುತ್ತಾನೆ. ತಟ್ಟೆಗೆ ಕೈ ಅಡ್ಡ ಹಿಡಿಯಬೇಕು.

ಸಂಗ್ರಹಾಲಯಕ್ಕೆ ಶನಿವಾರವೇ ಹೋಗಿ. ಟಿಕೆಟ್ ಇದೆ. ಕೆಳಗಿನ ಕತ್ತಿ ಗುರಾಣಿಗಳ ಮುಂದೆ ಹೊತ್ತು ಕಳೆಯದೆ ನೇರ ಮಹಡಿ ಹತ್ತಿ. ಅಲ್ಲಿ ತಿಮಿಂಗಿಲದ ಎಲುಬಿನ ಗೂಡು ಇದೆ, ಮಕ್ಕಳು ಅದರ ಅಡಿಯಲ್ಲಿ ನಡೆದುಹೋಗಬಹುದು. ಮಧ್ಯಾಹ್ನ ಮೀನು ಮಾರುಕಟ್ಟೆಯ ಮೂಲೆಯಲ್ಲಿ ತಾಯಿ ಮಗಳು ನಡೆಸುವ ಊಟದ ಮನೆ. ಖಾರ ಜಾಸ್ತಿ. ಮಕ್ಕಳಿಗೆ ಎಂದು ಮೊದಲೇ ಹೇಳಿದರೆ ಬೇರೆ ಪಾತ್ರೆಯಿಂದ ಬಡಿಸುತ್ತಾರೆ. ಇಬ್ಬರೂ ಹಾವು ಮುಂಗುಸಿಯ ಹಾಗೆ ಕಚ್ಚಾಡುತ್ತಿರುತ್ತಾರೆ, ಹೆದರಬೇಡಿ. ಜಗಳ ಜೋರಾದ ದಿನ ಅಡುಗೆ ಇನ್ನೂ ಚೆನ್ನಾಗಿರುತ್ತದೆ.

ಸಂಜೆ ಹಳೆಯ ಸೇತುವೆ. ಟಿಕೆಟ್ ಬೇಡ. ಎಡಗಡೆಯ ಮೂರನೇ ಕಂಬದ ಹತ್ತಿರ ನಿಂತರೆ ದೋಣಿಗಳು ದಡ ಸೇರುವುದು ಕಾಣುತ್ತದೆ. ಕಂಬಿ ಎತ್ತರ, ಚಿಕ್ಕವನನ್ನು ಎತ್ತಿಕೊಳ್ಳಬೇಕು.

ಭಾನುವಾರ ಬೆಳಿಗ್ಗೆ ಗಡಿಯಾರ ಗೋಪುರ. ನೂರಾ ಎಂಬತ್ತು ಮೆಟ್ಟಿಲು. ಅರವತ್ತನೆಯದರ ಬಳಿ ಒಂದು ಕಿಟಕಿ, ಅದರಡಿ ಕಲ್ಲು ಚಾಚಿಕೊಂಡಿದೆ. ಅಲ್ಲಿ ಕೂತು ದಣಿವಾರಿಸಿಕೊಳ್ಳಬಹುದು

ಗುರುವಾರ, ಮನೆಯಲ್ಲಿ

ನಿನ್ನೆ ಅಲ್ಲಿಗೆ ಪೆನ್ನು ನಿಂತಿತು. ಬಿಡುವು ಮುಗಿಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮುಗಿದಿರಲಿಲ್ಲ.

ಅಪ್ಪನಿಗೆ ಹೇಳಬೇಡ ಎಂದಿದ್ದೀಯ. ಹೇಳಲು ಅಪ್ಪ ಇಲ್ಲ, ಗುಬ್ಬಿ. ಹೋಗಿ ಏಳು ವಾರವಾಯಿತು. ಆ ಅರವತ್ತನೇ ಮೆಟ್ಟಿಲಿನ ಕಲ್ಲಿನ ಮೇಲೆ ಕೂತವರು ಏಳಲಿಲ್ಲ. "ಯಜಮಾನ್ರು ಗಾಳಿಗೆ ಕೂತಿದ್ದಾರೆ ಅಂದ್ಕೊಂಡ್ವಿ ಅಮ್ಮಾ" ಎಂದ ಟಿಕೆಟ್ ಕೊಡುವವನು. ಕೈಯಲ್ಲಿ ಪೆನ್ಸಿಲ್ ಹಾಗೇ ಇತ್ತಂತೆ.

ನಿನಗೆ ತಿಳಿಸಲು ವಿಳಾಸವಿರಲಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದು, ಹರಿದು ಹಾಕಿದೆ. ವಿಳಾಸ ಇತ್ತು. ಅದನ್ನೂ ಹೇಳುತ್ತೇನೆ.

ಮೇಲೆ ಬರೆದ ಸಲಹೆಗಳಲ್ಲಿ ಒಂದೂ ನನ್ನದಲ್ಲ. ನಾನು ಮನೆಯಿಂದ ಮಷಿನ್ನಿಗೆ, ಮಷಿನ್ನಿನಿಂದ ಮನೆಗೆ ಹೋಗಿಬರುವವಳು. ತಿಮಿಂಗಿಲವನ್ನು ನಾನು ಇವತ್ತಿಗೂ ನೋಡಿಲ್ಲ. ಅಪ್ಪ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ವಾರಕ್ಕೊಂದು ದಿನ ಬಸ್ಸಿನ ಪಾಸು ಹಿಡಿದು ಹೊರಟುಬಿಡುತ್ತಿದ್ದರು. ಸಂಜೆ ಬಂದು, ಹಸಿವಿಲ್ಲ ಎಂದು ತಟ್ಟೆ ಸರಿಸುತ್ತಿದ್ದರು. ಡಾಕ್ಟರು ಉಪ್ಪು ಕಡಿಮೆ ಮಾಡಿಸಿದ್ದರಿಂದ ನಾನು ಎಲ್ಲ ಸಪ್ಪೆ ಮಾಡಿಟ್ಟು ಕಾದಿರುತ್ತಿದ್ದೆ. ಮೈ ಉರಿಯುತ್ತಿತ್ತು.

"ಈ ವಯಸ್ಸಲ್ಲಿ ಎಂಥಾ ಬಾಯಿ ಚಪಲ ನಿಮಗೆ? ಮನೆ ಊಟ ಬೇಡ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಬೇಕಮ್ಮಾ. ಉಪ್ಪಿನ ಡಬ್ಬಿನ ಒಂದ್ಸಲ ಅದಕ್ಕೆ ತೋರಿಸಿದ್ರೂ ಸಾಕಾಗಿತ್ತು" ಎಂದರು.

ಅವರು ಹೋದ ಮೇಲೆ ಆ ಹಳೆಯ ಚರ್ಮದ ಕಂಡಕ್ಟರ್ ಚೀಲ ತೆರೆದೆ. ಒಳಗೊಂದು ಸಣ್ಣ ಪುಸ್ತಕ. ಮೊದಲ ಪುಟದಲ್ಲಿ "ಗುಬ್ಬಿ ಬಂದರೆ" ಎಂದಿತ್ತು. ನಿಮ್ಮ ಕಡೆ ಬಸ್ಸು ಓಡಿಸುವ ಹಳೆಯ ಗೆಳೆಯರೊಬ್ಬರು, ನಿನಗೆ ಇಬ್ಬರು ಮಕ್ಕಳು, ಚಿಕ್ಕವನು ಇನ್ನೂ ಎಳೆಯ ಎಂದು ಅಪ್ಪನಿಗೆ ಹೇಳಿದ್ದರು. ಅಷ್ಟನ್ನೇ ಹಿಡಿದುಕೊಂಡು ಅಪ್ಪ ಊರೆಲ್ಲಾ ಸುತ್ತಿ ಬೆಂಚು ಅಲ್ಲಾಡಿಸಿ ನೋಡಿದ್ದರು, ಖಾರ ನೋಡಿದ್ದರು, ಮೆಟ್ಟಿಲು ಎಣಿಸಿದ್ದರು. ಚಪಲ ಅಂದಿದ್ದೆ ನಾನು.

ಫೋಟೋ ತೆಗೆಯುವವನನ್ನು ಮದುವೆಯಾಗಿ ನೀನು ಹೊರಟ ದಿನ ಅಪ್ಪ ಬಾಗಿಲಲ್ಲಿ ನಿಂತು ಹೇಳಿದ್ದು ನಿನಗೆ ನೆನಪಿರುತ್ತದೆ. "ಇಳಿದ ಮೇಲೆ ಅದೇ ಟಿಕೆಟ್ಟಲ್ಲಿ ಮತ್ತೆ ಹತ್ತೋ ಹಾಗಿಲ್ಲ." ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿದ ಮಾತು, ಬಾಯಿಗೆ ಅದೇ ಬಂತು. ಆಮೇಲೆ ಎಷ್ಟೋ ಸಲ ನನ್ನ ಹತ್ತಿರ, "ಒಂದು ಸಾಲು ಬರೀಲಿ ಸಾಕು, ನಾನೇ ಹೋಗಿ ಕರ್ಕೊಂಡ್ ಬರ್ತೀನಿ" ಎನ್ನುತ್ತಿದ್ದರು.

ನೀನು ಬರೆದಿದ್ದೆ. ಮೂರು ವರ್ಷದ ಹಿಂದೆ, ಅಪ್ಪನ ಹೆಸರಿಗೆ. ಅಪ್ಪ ಕರೆದರೆ ನಾಳೆಯೇ ಹೊರಡುತ್ತೇನೆ ಎಂದು. ಅದನ್ನು ಒಡೆದವಳು ನಾನು. ಆ ವಾರ ಅವರಿಗೆ ಜ್ವರ. ತಲೆ ಎತ್ತಿ ಹಿಡಿದು ಗಂಜಿ ಕುಡಿಸುತ್ತಿದ್ದರೆ, ಕಣ್ಣು ಮುಚ್ಚಿಕೊಂಡೇ "ಬಂದ್ಯಾ ಗುಬ್ಬಿ?" ಎನ್ನುತ್ತಿದ್ದರು. ಒಂದು ಸಲವಲ್ಲ, ದಿನವೂ. ಬಟ್ಟಲು ಹಿಡಿದವಳು ನಾನು, ಬಂದವಳು ನೀನು. ಜ್ವರ ಇಳಿಯಲಿ, ಆಮೇಲೆ ಕೊಡೋಣ ಎಂದು ಕಾಗದವನ್ನು ಗುಂಡಿ ಡಬ್ಬಿಯ ತಳದಲ್ಲಿಟ್ಟೆ. ಜ್ವರ ಇಳಿಯಿತು. ನಾಳೆ ಎಂದುಕೊಂಡೆ. ನಾಳೆಯ ಮೇಲೆ ನಾಳೆ ಬಿತ್ತು. ತಡವಾದಷ್ಟೂ, ಯಾಕೆ ತಡ ಎಂದು ಕೇಳಿದರೆ ಏನು ಹೇಳಲಿ ಎಂಬ ಭಯ ಬೆಳೆಯಿತು. ಅವರು ಹೋದಾಗ ನಿನಗೆ ಬರೆಯದಿದ್ದದ್ದೂ ಆ ಭಯಕ್ಕೇ. ಅಪ್ಪನ ಕೊನೆಯ ಮುಖ ನಿನಗೆ ಸಿಗದಂತೆ ಮಾಡಿದೆ.

ಕರೆಯಲಿಲ್ಲ ಎಂದು ನೀನು ಅಲ್ಲಿ ಕಲ್ಲಾದೆ. ಬರೆಯಲಿಲ್ಲ ಎಂದು ಅವರು ಇಲ್ಲಿ ಕಾದರು. ನಡುವೆ ನಾನು ದಿನಾ ಅದೇ ಡಬ್ಬಿಯಿಂದ ಗುಂಡಿ ತೆಗೆದು ಅಂಗಿಗೆ ಹಾಕುತ್ತಿದ್ದೆ.

ಕ್ಷಮಿಸು ಎಂದು ಬರೆಯಲು ಎರಡು ಸಲ ಹೊರಟು, ಕೈಬಿಟ್ಟೆ. ಆ ಮಾತು ಈ ತಪ್ಪಿಗೆ ಸಾಲುವುದಿಲ್ಲ. ಆದರೆ ಪ್ರಯಾಣ ನಿಲ್ಲಿಸಬೇಡ. ಅಪ್ಪ ಇಷ್ಟು ವರ್ಷ ತಿರುಗಿ ಸಿದ್ಧ ಮಾಡಿದ ಊರು ಇದು, ಮಕ್ಕಳಿಗೆ ತೋರಿಸು. ಗೋಪುರ ಹತ್ತಬೇಕೋ ಬೇಡವೋ ನೀನೇ ನೋಡಿಕೋ. ಪುಸ್ತಕವನ್ನೂ ನಿನ್ನ ಆ ಕಾಗದವನ್ನೂ ಬೋಳಣ್ಣನ ಕೈಗೆ ಕೊಟ್ಟಿರುತ್ತೇನೆ. ನನ್ನ ಮುಖ ನೋಡದೆಯೇ ಅವನ್ನು ತೆಗೆದುಕೊಳ್ಳಬಹುದು.

ಇನ್ನೂ ಹಾಗೆ ಕರೆಯುವ ಮನಸ್ಸಿದ್ದರೆ,
ನಿನ್ನ ಅಕ್ಕ

ಮರೆತ ಮಾತು: ನೀನು ಬೋಳಣ್ಣನ ಅಂಗಡಿಗೂ ಹೋಗದೇ ಇದ್ದರೆ ಎಂದು, ಪುಸ್ತಕದ ಕೊನೆಯ ಪುಟವನ್ನು ಇಲ್ಲೇ ಇಳಿಸುತ್ತಿದ್ದೇನೆ. ಒಂದಕ್ಷರವೂ ನನ್ನದಲ್ಲ.

"ಮನೆ. ಭಾನುವಾರ ಮಧ್ಯಾಹ್ನ. ಮಕ್ಕಳನ್ನು ಕಿಟಕಿ ಪಕ್ಕ ಕೂರಿಸುವುದು. ಉಪ್ಪು ಕಡಿಮೆ, ದೊಡ್ಡವಳ ಕೈ. ಅವಳ ಎದುರು ಹೇಳಬಾರದು, ನೊಂದುಕೊಳ್ಳುತ್ತಾಳೆ. ಟಿಕೆಟ್ ಬೇಡ."